ನಮ್ಮ ಪೆಟ್ಟಿಗೆಯ ಹದಿಮೂರು ಓಟು

ನಮ್ಮ ಮನೆಯವರಿಗೆ ಬ್ರಿಟನ್ನಿನ ಆರುನೂರ ಐವತ್ತು ಕ್ಷೇತ್ರಗಳೂ ನೆಂಟರ ಮನೆಗಳಿದ್ದ ಹಾಗೆ. ಯಾವ ಊರಿನಲ್ಲಿ ಯಾರು ನಿಂತರು, ಎಷ್ಟು ಓಟಿನಲ್ಲಿ ಗೆದ್ದರು, ಯಾರು ಯಾವ ಪಕ್ಷಕ್ಕೆ ಹಾರಿದರು, ಎಲ್ಲ ನಾಲಿಗೆಯ ತುದಿಯಲ್ಲಿ. ಬೆಳಗ್ಗೆ ಗಡ್ಡ ಮಾಡಿಕೊಳ್ಳುವಾಗ ಬಚ್ಚಲಿನಲ್ಲಿ ಲಂಡನ್ನಿನ ರೇಡಿಯೋ. ಅಲ್ಲೆಲ್ಲೋ ಒಬ್ಬ ಎಂಪಿ ರಾಜೀನಾಮೆ ಕೊಟ್ಟನೆಂದು ಕಿವಿಗೆ ಬಿದ್ದರೆ ಸಾಕು, ಅರ್ಧ ಮುಖದ ನೊರೆಯ ಸಮೇತ ಹೊರಗೆ ಬಂದು, "ವನಜಾ, ಇನ್ನೊಂದು ಬೈ ಎಲೆಕ್ಷನ್ ಕಣೇ!" ಅನ್ನುತ್ತಾರೆ. ಮಗಳು ಹುಟ್ಟಿದ ಸುದ್ದಿ ಹೇಳುವಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಇಷ್ಟಕ್ಕೂ ನಾವಿರುವುದು ಬ್ರಿಟನ್ನಿನಲ್ಲಲ್ಲ. ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಅಂಚಿನ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ, ಹದಿನಾಲ್ಕು ವರ್ಷದಿಂದ. ನಮ್ಮವರ ಹೆಸರು ಸತ್ಯಪ್ರಕಾಶ್, ಊರು ತಿಪಟೂರು, ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು. ಇಲ್ಲಿಗೆ ಬರುವ ಮುಂಚೆ ಆರು ವರ್ಷ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದರು. ಅಲ್ಲಿ ಅವರಿಗೆ ರೂಮು ಕೊಟ್ಟಿದ್ದ ಮುದುಕ ನಿವೃತ್ತ ಬಸ್ ಡ್ರೈವರ್, ಲೇಬರ್ ಪಕ್ಷದ ಕಾರ್ಯಕರ್ತ. ಭಾನುವಾರ ಇವರನ್ನೂ ಕರೆದುಕೊಂಡು ಮನೆಮನೆಗೆ ಕರಪತ್ರ ಹಂಚುತ್ತಿದ್ದನಂತೆ. ಪರದೇಶದಲ್ಲಿ ಒಬ್ಬಂಟಿಯಾಗಿದ್ದ ಹುಡುಗನನ್ನು ಯಾರೋ "ನೀನೂ ನಮ್ಮೋನೇ" ಅಂತ ಜೊತೆಗೆ ಕರೆದುಕೊಂಡರೆ ಅದು ಮರೆಯುವ ಮಾತೇ? ಆ ಮುದುಕ ತೀರಿಕೊಂಡ. ಇವರ ಮನಸ್ಸು ಮಾತ್ರ ಅಲ್ಲಿಂದ ಹೊರಡಲಿಲ್ಲ.

ಅದು ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದು. ನಮ್ಮ ಮನೆ ಮುಂದಿನ ಬೀದಿದೀಪ ಎಂಟು ತಿಂಗಳು ಕೆಟ್ಟು ನಿಂತಿತ್ತು. ಈ ಮಹಾಶಯರು ಆ ಕತ್ತಲಲ್ಲೇ ತಡವರಿಸಿಕೊಂಡು ಬಂದು, ಊಟಕ್ಕೆ ಕೂತು, ಉತ್ತರ ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಟೋರಿ ಪಕ್ಷಕ್ಕೆ ಶೇಕಡಾ ಎಷ್ಟು ಓಟು ಕಮ್ಮಿಯಾಯಿತು ಅಂತ ವಿವರಿಸುತ್ತಿದ್ದರು. "ನಮ್ಮ ಬೀದಿಯ ಕೌನ್ಸಿಲರ್ ಯಾರ್ರೀ?" ಅಂತ ಕೇಳಿದೆ. ಯೋಚನೆ ಮಾಡಿದರು. ಗೊತ್ತಿರಲಿಲ್ಲ. "ಈ ದೇಶದ ರಾಜಕೀಯದಲ್ಲಿ ಏನೂ ಮಜಾ ಇಲ್ಲ ಕಣೇ" ಅಂದುಬಿಟ್ಟರು.

ದೀಪ ಸರಿ ಮಾಡಿಸಿದ್ದು ಮಲಿಕಾ. ಎರಡು ಬೀದಿ ಆಚೆ ಇದ್ದಾಳೆ. ಯಶವಂತಪುರದ ಹುಡುಗಿ, ಸಾಫ್ಟ್‌ವೇರ್ ಕೆಲಸ, ಗಂಡ ಒವೈಸ್, ಎರಡು ಮಕ್ಕಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಯಾರಿಗೆ ವೀಸಾ ಕಾಗದ ಬೇಕು, ಯಾರ ಮಗುವಿಗೆ ಸ್ಕೂಲು ಸಿಕ್ಕಿಲ್ಲ, ಯಾರ ಬಾಡಿಗೆ ಮನೆಯ ಗೋಡೆ ಒದ್ದೆ, ಎಲ್ಲಕ್ಕೂ ಮಲಿಕಾ. ನಮ್ಮ ಮಗಳು ಅದಿತಿಗೆ "ಸೀಟು ಭರ್ತಿ" ಅಂತ ಹೈಸ್ಕೂಲಿನವರು ಕೈ ಎತ್ತಿದಾಗ, ಎರಡು ಸಂಜೆ ನಮ್ಮ ಅಡುಗೆಮನೆ ಮೇಜಿನಲ್ಲಿ ಕೂತು ಅಪೀಲು ಬರೆದು ಸೀಟು ಕೊಡಿಸಿದ್ದು ಅವಳೇ. ಆ ಎರಡೂ ಸಂಜೆ ಪಕ್ಕದ ರೂಮಿನಿಂದ ಲಂಡನ್ನಿನ ವಾರ್ತೆ ಕೇಳುತ್ತಿತ್ತು.

ಆ ವರ್ಷ ಜೂನ್‌ನಲ್ಲಿ ಇಲ್ಲಿ ಕೌನ್ಸಿಲ್ ಚುನಾವಣೆ. ಮಲಿಕಾ ಪಕ್ಷೇತರಳಾಗಿ ನಿಂತಳು. ಹೆಸರು ಕೊಡಲು ಹದಿನೈದು ಮತದಾರರ ಸಹಿ ಬೇಕಿತ್ತು. ಅದರಲ್ಲಿ ಒಂದು ನನ್ನದು. ಸಹಿ ಹಾಕಿ ಮುಗಿದ ಮೇಲೆ ಅವಳು ನನ್ನನ್ನು ಕೂರಿಸಿಕೊಂಡು ಇಲ್ಲಿಯ ಓಟಿನ ಲೆಕ್ಕ ಹೇಳಿಕೊಟ್ಟಳು.

"ಅಕ್ಕಾ, ನಮ್ಮೂರ್ ಥರ ಒಬ್ಬರಿಗೇ ಠಸ್ಸೆ ಒತ್ತೋದಲ್ಲ ಇಲ್ಲಿ. ಹೆಸರುಗಳ ಮುಂದೆ ಒಂದು, ಎರಡು, ಮೂರು ಅಂತ ಬರೀತಾ ಹೋಗೋದು. ಹೋಟ್ಲಲ್ಲಿ ಹೇಳಲ್ವಾ, ಮಸಾಲೆ ದೋಸೆ ಕೊಡಪ್ಪ, ಅದಿಲ್ಲಾಂದ್ರೆ ಸೆಟ್ ದೋಸೆ, ಅದೂ ಇಲ್ಲಾಂದ್ರೆ ಇಡ್ಲಿ, ಹಂಗೆ. ನಂಗೆ ಒಂದು ಕೊಟ್ಟು ನಾನು ಸೋತ್ರೂ ನಿಮ್ಮ ಓಟು ಹಾಳಾಗಲ್ಲ. ನೀವು ಎರಡು ಅಂತ ಬರೆದಿರೋರಿಗೆ ಹೋಗತ್ತೆ. ಒಂದೇ ಕಣದಲ್ಲಿ ಐದು ಸೀಟು, ಸುತ್ತುಸುತ್ತಿಗೂ ಕಮ್ಮಿ ಓಟಿನೋರು ಹೊರಗೆ."

"ಓಹೋ, ಇಷ್ಟೇನಾ" ಅಂದೆ.

"ಇಷ್ಟೇ. ಆದ್ರೆ ನಮ್ಮೋರಿಗೆ ಇದು ಗೊತ್ತಿಲ್ಲ. ಗೆಲ್ಲದೇ ಇರೋಳಿಗೆ ಯಾಕೆ ಹಾಕೋದು ಅಂತಾರೆ. ನಾನು ಹೇಳಿದ್ರೆ ಕ್ಯಾನ್ವಾಸ್ ಅಂದ್ಕೋತಾರೆ. ನೀವು ಹೇಳಿ ಅಕ್ಕ. ನಿಮ್ಮ ಮಾತು ಎಲ್ರೂ ಕೇಳ್ತಾರೆ. ನೀವು ಓಟು ಹಾಕೋ ಸ್ಕೂಲಿನ ಪೆಟ್ಟಿಗೇಲಿ ಏನಿಲ್ಲಾಂದ್ರೂ ಐವತ್ತು ಕನ್ನಡದ ಓಟಿದೆ. ಅದು ಬಂದ್ರೆ ನಾನು ಕಣದಲ್ಲಿ ಉಳೀತೀನಿ. ಇಲ್ಲಾಂದ್ರೆ ಇಲ್ಲ."

"ಅಷ್ಟು ತಾನೇ, ಬಿಡು" ಅಂದೆ. ನಿಜವಾಗಿ ಹೇಳಬೇಕೆಂದೇ ಇದ್ದೆ.

ಮೇ ಕೊನೆಯ ಶನಿವಾರ ನಮ್ಮ ಮನೆಯಲ್ಲಿ ಊಟ. ಕನ್ನಡದ ಮನೆಗಳವರೆಲ್ಲ ಸೇರಿ ಇಪ್ಪತ್ತೈದು ಜನ ದೊಡ್ಡವರು. ಅದೇ ವಾರ ಲಂಡನ್ನಿನಲ್ಲಿ ಪ್ರಧಾನಿ ಮಳೆಯಲ್ಲಿ ತೊಯ್ದುಕೊಂಡು ನಿಂತು ಚುನಾವಣೆ ಘೋಷಿಸಿದ್ದ. ಇನ್ನು ಕೇಳಬೇಕೆ? ನಮ್ಮವರಿಗೆ ಹಬ್ಬ. ಬಿಸಿಬೇಳೆಬಾತ್ ತಟ್ಟೆ ಕೈಯಲ್ಲೇ ಆರಿಹೋಯಿತು. ಫೆಬ್ರವರಿಯ ಬೈ ಎಲೆಕ್ಷನ್‌ಗಳಿಂದ ಶುರು ಮಾಡಿದರು. ಅಲ್ಲಿನ ಜನ ಹೇಗೆ ಲೆಕ್ಕ ಹಾಕಿ ಓಟು ಹಾಕುತ್ತಾರೆ, ತಮ್ಮ ಪಕ್ಷ ಗೆಲ್ಲುವುದಿಲ್ಲ ಅಂತ ಗೊತ್ತಾದರೆ ಬೇಡದವನನ್ನು ಸೋಲಿಸಲು ಹೇಗೆ ಇನ್ನೊಂದು ಪಕ್ಷಕ್ಕೆ ಓಟು ತಿರುಗಿಸುತ್ತಾರೆ, ಎಲ್ಲ ಕೈಬೆರಳಿನಲ್ಲಿ ಎಣಿಸಿ ತೋರಿಸಿದರು. ಚೆನ್ನಾಗಿ ಹೇಳುತ್ತಾರೆ, ಆ ಮಾತು ಬೇರೆ. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಆಗ ಡಾಕ್ಟರ್ ನಂಜುಂಡಪ್ಪ ಕೇಳಿದರು. ನಮ್ಮ ಪೈಕಿ ಹಿರಿಯರು ಅವರು, ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ್. "ಅದಿರ್ಲಿ ಸತ್ಯ, ನಮ್ಮಲ್ಲಿ ಏನ್ ಮಾಡೋದು? ಆ ಸಾಬರ ಹುಡುಗಿ ನಿಂತಿದೆಯಲ್ಲ. ಎಲ್ರೂ ಅವಳಿಗೆ ಹಾಕ್ಬೇಕು ಅಂತಿದಾರೆ."

ನಮ್ಮವರು ಕ್ಷಣವೂ ತಡೆಯಲಿಲ್ಲ. "ಒಳ್ಳೇ ಹುಡುಗಿ ಸಾರ್, ಎರಡು ಮಾತಿಲ್ಲ. ಆದ್ರೆ ಗೆಲ್ಲಲ್ಲ. ಆ ಕಡೆ ನೋಡಿ, ಹೊರಗಿನೋರೆಲ್ಲ ವಾಪಸ್ ಹೋಗಿ ಅನ್ನೋನೊಬ್ಬ ನಿಂತಿದಾನೆ. ಓಟು ಒಡೆದ್ರೆ ಅವನು ನುಗ್ತಾನೆ. ಅದಕ್ಕೇ ನಾವೆಲ್ಲ ಸೇರಿ ಈಗಿರೋ ದೊಡ್ಡ ಪಕ್ಷದ ಕೌನ್ಸಿಲರ್‌ಗೇ ಒಂದು ಕೊಡೋಣ. ಬರೀ ಒಂದು. ಬೇರೆ ಯಾರ ಮುಂದೂ ಏನೂ ಬರೀಬಾರ್ದು. ಬರೆದ್ರೆ ಓಟು ಹಂಚಿಹೋಗತ್ತೆ. ಮಲಿಕಾಗೆ ಹಾಕಿದ್ರೆ ವೇಸ್ಟ್."

ತಪ್ಪು. ಅಕ್ಷರ ಅಕ್ಷರವೂ ತಪ್ಪು. ನನಗೆ ಗೊತ್ತಿತ್ತು. ಮೊಸರನ್ನದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಸುತ್ತಲಿನ ಮುಖಗಳನ್ನು ನೋಡಿದೆ. ಏನೋ ಹಗುರವಾದ ಹಾಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಮಲಿಕಾಗೆ ಹಾಕಲು ಮನಸ್ಸಿಲ್ಲದವರಿಗೆ, ಯಾಕೆ ಮನಸ್ಸಿಲ್ಲ ಅಂತ ಬಾಯಿ ಬಿಟ್ಟು ಹೇಳಲಾಗದವರಿಗೆ, ನಮ್ಮವರು ಒಂದು ಮರ್ಯಾದಸ್ಥ ಕಾರಣ ಕೊಟ್ಟಿದ್ದರು.

ಸೋಫಾದ ಕೈ ಮೇಲೆ ಕೂತಿದ್ದ ಅದಿತಿ ಥಟ್ಟನೆ ಅಂದಳು: "ಡ್ಯಾಡ್, ದಟ್ಸ್ ನಾಟ್ ಈವನ್ ಹೌ ಇಟ್ ವರ್ಕ್ಸ್ ಹಿಯರ್." ಹದಿನೈದು ವರ್ಷದ ಹುಡುಗಿ, ಸ್ಕೂಲಿನಲ್ಲಿ ಇದೇ ಪಾಠ ಓದಿದ್ದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು.

ಇಪ್ಪತ್ತೈದು ಜನರ ಮುಂದೆ, ಡಾಕ್ಟರ ಮುಂದೆ, ಮಗಳು ಅಪ್ಪನನ್ನು ತಿದ್ದುವುದೆಂದರೇನು?

"ಅದಿತಿ, ದೊಡ್ಡೋರು ಮಾತಾಡ್ವಾಗ ಸುಮ್ನಿರ್ಬೇಕು. ಹೋಗು, ಒಳಗಿಂದ ಹಪ್ಪಳ ತಗೊಂಡ್ ಬಾ" ಅಂದೆ ನಾನು.

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಮಲಿಕಾ ನನಗೆ ಪಾಠ ಹೇಳುವಾಗ ಅವಳೂ ಅದೇ ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದಳು. "ಗ್ರ್ಯಾಂಡ್" ಅಂತ ಹೇಳಿ ಎದ್ದು ಹೋದಳು. ಇಲ್ಲಿಯ ಮಕ್ಕಳು ಒಪ್ಪಿಗೆಗೂ ಅದೇ ಪದ ಹೇಳುತ್ತವೆ, ಜಿಗುಪ್ಸೆಗೂ ಅದೇ.

ಗಂಡನ ಮರ್ಯಾದೆ ಉಳಿಸಿದೆ ಅಂತ ಆಗ ಅಂದುಕೊಂಡೆ. ಈಗ ಬರೆಯುತ್ತಿರುವಾಗ ಸುಳ್ಳು ಹೇಳುವುದಿಲ್ಲ, ಅದರ ಜೊತೆಗೆ ಇನ್ನೊಂದೂ ಇತ್ತು. ಬೀದಿಯ ಕಂಬಕಂಬಕ್ಕೂ ಮಲಿಕಾಳ ನಗುಮುಖದ ಪೋಸ್ಟರ್ ನೇತಾಡುತ್ತಿತ್ತು. ನಾನು ಈ ದೇಶಕ್ಕೆ ಅವಳಿಗಿಂತ ಎಂಟು ವರ್ಷ ಮುಂಚೆ ಬಂದವಳು. ಬಂದವರಿಗೆಲ್ಲ ಅನ್ನ ಹಾಕಿದವಳು. ನನ್ನ ಮುಖ ಯಾವ ಕಂಬದಲ್ಲೂ ಇರಲಿಲ್ಲ. ಅಂಥ ಸಣ್ಣ ಬುದ್ಧಿ ನನ್ನಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಹೆಂಗಸರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಹತ್ತು ದಿನ ಸಮಯವಿತ್ತು. ಮಾಡಲಿಲ್ಲ. ನಮ್ಮವರು ವಾಟ್ಸಾಪಿನಲ್ಲಿ "ಬರೀ 1, ಬೇರೇನೂ ಬೇಡ" ಅಂತ ಎಲ್ಲರಿಗೂ ಕಳಿಸಿದ್ದನ್ನೂ ನೋಡಿ ಸುಮ್ಮನಿದ್ದೆ.

ಓಟಿನ ದಿನ ಸ್ಕೂಲಿಗೆ ಇಬ್ಬರೂ ಜೊತೆಯಲ್ಲೇ ಹೋದೆವು. ಮರೆಯಲ್ಲಿ ನಿಂತು, ದಾರ ಕಟ್ಟಿದ ಪೆನ್ಸಿಲ್ ಹಿಡಿದು, ನಾನು ಮಲಿಕಾಳ ಫೋಟೋದ ಮುಂದೆ ದುಂಡಗೆ ಒಂದು ಅಂತ ಬರೆದೆ. ಎಂಥ ಶೂರಳು! ಯಾರೂ ನೋಡದ ಕಡೆ ನನ್ನಷ್ಟು ಧೈರ್ಯವಂತೆ ಇನ್ನೊಬ್ಬಳಿಲ್ಲ.

ಮಾರನೆಯ ದಿನ ಎಣಿಕೆ. ಒಂದು ದೊಡ್ಡ ಒಳಾಂಗಣ ಕ್ರೀಡಾ ಹಾಲ್. ಇಲ್ಲಿ ಪೆಟ್ಟಿಗೆ ತೆರೆದು ಕಾಗದಗಳನ್ನು ಬಿಡಿಸಿ ಹಾಕುವಾಗ, ಅಭ್ಯರ್ಥಿಗಳ ಕಡೆಯವರು ಕಟಕಟೆಯ ಈಚೆ ನಿಂತು, ಕತ್ತು ಚಾಚಿ ನೋಡಿ, ಯಾವ ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು ಅಂತ ಗೀಟು ಹಾಕಿಕೊಳ್ಳುವ ಪದ್ಧತಿಯಿದೆ. ಯಾವ ಬೀದಿಯ ಜನ ಯಾರಿಗೆ ಹಾಕಿದರು ಅಂತ ಅದರಿಂದಲೇ ಹೊರಬೀಳುತ್ತದೆ. ಹಾಗೊಂದು ಪದ್ಧತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಅಕ್ಕ, ನಿಮ್ಮ ಸ್ಕೂಲಿನ ಪೆಟ್ಟಿಗೆ ನೀವೇ ನೋಡ್ಕೊಳ್ಳಿ. ಅದು ನಮ್ಮ ಪೆಟ್ಟಿಗೆ ಅಲ್ವಾ" ಅಂತ ಮಲಿಕಾ ನನ್ನ ಕೈಗೆ ರಟ್ಟು, ಹಾಳೆ, ಪೆನ್ನು ಕೊಟ್ಟಳು.

ಪೆಟ್ಟಿಗೆ ಬಗ್ಗಿಸಿದರು. ಕಾಗದಗಳು ಒಂದೊಂದಾಗಿ ಬಿಡಿಸಿಕೊಂಡವು. ಇಲ್ಲಿಯ ಜನ ಒಂದು, ಎರಡು, ಮೂರು, ನಾಲ್ಕು ಅಂತ ಧಾರಾಳವಾಗಿ ಬರೆದಿದ್ದರು. ನಡುನಡುವೆ ಬೇರೆ ಥರದ ಕಾಗದ ಬರತೊಡಗಿದವು. ಉದ್ದದ ಹಾಳೆ ಪೂರ್ತಿ ಖಾಲಿ, ದೊಡ್ಡ ಪಕ್ಷದ ಕೌನ್ಸಿಲರ್ ಮುಂದೆ ಮಾತ್ರ ಒಂಟಿ ಒಂದು. ಇನ್ನೊಂದು ಹಾಗೇ. ಮತ್ತೊಂದು ಹಾಗೇ. ಬರೆದವರ ಹೆಸರು ಇರುವುದಿಲ್ಲ, ಸರಿ. ಆದರೆ ನನಗೆ ಪ್ರತಿ ಒಂದರ ಹಿಂದೆಯೂ ನಮ್ಮ ಮನೆಯ ಬಿಸಿಬೇಳೆಬಾತ್ ತಟ್ಟೆ ಹಿಡಿದು ತಲೆಯಾಡಿಸಿದ ಮುಖವೇ ಕಂಡಿತು. ನನ್ನ ಕೈಯಾರೆ ನಾನೇ ಗೀಟು ಹಾಕಬೇಕಾಯಿತು. ಮುಗಿದಾಗ ಮಲಿಕಾಳ ಹೆಸರಿನ ಮುಂದೆ ಹದಿಮೂರು ಗೀಟಿದ್ದವು.

ಮಲಿಕಾ ಬಂದು ಹಾಳೆ ಇಸಿದುಕೊಂಡಳು. ನೋಡಿದಳು. ಎಣಿಕೆ ತಪ್ಪಿರಬಹುದು ಅಂತ ಬೆರಳಿಟ್ಟು ಮತ್ತೆ ಎಣಿಸಿದಳು. ಪಕ್ಕದ ಪೆಟ್ಟಿಗೆಯಲ್ಲಿ, ಕನ್ನಡದವರು ಒಬ್ಬರೂ ಇಲ್ಲದ ಬೀದಿಗಳಲ್ಲಿ, ಅವಳಿಗೆ ಮೂವತ್ತೊಂದು ಬಂದಿತ್ತು.

"ಹದಿಮೂರಾ?" ಅಂದಳು. ನಾನು ಹಾಳೆ ನೋಡುತ್ತ ನಿಂತೆ. ಅವಳೇ ನನ್ನ ಭುಜದ ಮೇಲೆ ಕೈಯಿಟ್ಟು, "ಅದರಲ್ಲಿ ನಿಮ್ಮನೇದು ಎರಡು ಇರತ್ತಲ್ಲ ಅಕ್ಕ. ಥ್ಯಾಂಕ್ಸ್" ಅಂದಳು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಬಿಡಲಿಲ್ಲ. "ಇರ್ಲಿ ಬಿಡೇ" ಅಂದೆ. ಆ ಥ್ಯಾಂಕ್ಸನ್ನು ನಾಚಿಕೆಯಿಲ್ಲದೆ ಇಸಿದುಕೊಂಡೆ.

ಭಾನುವಾರ ಸಂಜೆ ಆರನೆಯ ಸುತ್ತಿನಲ್ಲಿ ಮಲಿಕಾ ಹೊರಬಿದ್ದಳು. ಅವಳಿಗಿಂತ ಒಂಬತ್ತೇ ಒಂಬತ್ತು ಓಟು ಮೇಲಿದ್ದವರು ಉಳಿದುಕೊಂಡು, ಸೋತವರ ಓಟುಗಳನ್ನೆಲ್ಲ ಕೂಡಿಸಿಕೊಂಡು ಕೊನೆಯ ಸೀಟು ಹಿಡಿದರು. ನಮ್ಮವರು ಹೆದರಿಸಿದ್ದ ಆ "ವಾಪಸ್ ಹೋಗಿ" ಆಸಾಮಿ ಎಂದೋ ಮೂರನೆಯ ಸುತ್ತಿನಲ್ಲೇ ಮನೆಗೆ ಹೋಗಿದ್ದ. ದೊಡ್ಡ ಪಕ್ಷದ ಕೌನ್ಸಿಲರ್ ಮೊದಲ ಸುತ್ತಿನಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಓಟು ತೆಗೆದುಕೊಂಡು ಗೆದ್ದಿದ್ದ. ಹೊಟ್ಟೆ ತುಂಬಿದವನ ಎಲೆಗೆ ನಾವು ಬಡಿಸಿದ್ದೆವು.

ರಾತ್ರಿ ಊಟಕ್ಕೆ ಮುಂಚೆ ಅದಿತಿ ಫೋನಿನಲ್ಲಿ ಫಲಿತಾಂಶದ ಪಟ್ಟಿ ತೆರೆದು ಅಪ್ಪನ ಮುಂದಿಟ್ಟಳು. ಈ ಸಲ ನಾನು ತಡೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇವರು ಲ್ಯಾಬಿನವರು, ಅಂಕಿ ನೋಡಿದರೆ ಸಾಕು. ಎರಡು ನಿಮಿಷದಲ್ಲಿ ಅರ್ಥವಾಯಿತು. ಮಲಿಕಾಗೆ ಒಂದು, ಆ ದೊಡ್ಡ ಪಕ್ಷದವನಿಗೆ ಎರಡು ಅಂತ ಬರೆದಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಹತ್ತು ಓಟು ಸಾಕಿತ್ತು. ಇವರು ತಿರುಗಿಸಿದ್ದು ಮೂವತ್ತರ ಮೇಲೆ. ತಟ್ಟೆ ಸರಿಸಿ ಕೂತರು. ಮಾರನೆಯ ಬೆಳಗ್ಗೆ ಬಚ್ಚಲಿನಲ್ಲಿ ರೇಡಿಯೋ ಹಾಕಲಿಲ್ಲ. ಇಂಗ್ಲೆಂಡಿನ ಚುನಾವಣೆಗೆ ಇನ್ನೂ ಮೂರೂವರೆ ವಾರವಿತ್ತು.

ಮುಂದಿನ ಶನಿವಾರ ಮಧ್ಯಾಹ್ನ, "ನಡಿ, ಹೋಗಿ ತಪ್ಪಾಯ್ತು ಅಂತ ಹೇಳ್ಬಿಟ್ಟು ಬರೋಣ" ಅಂದರು. ನಾನು ಒಬ್ಬಟ್ಟು ಡಬ್ಬಿಗೆ ಹಾಕಿದೆ. ಬೇರೇನು ಮಾಡಲು ಬರುತ್ತದೆ ನನಗೆ?

ಮಲಿಕಾ ಕಂಬಗಳಿಂದ ಇಳಿಸಿ ತಂದ ಪೋಸ್ಟರುಗಳನ್ನು ಹಾಲಿನಲ್ಲಿ ಜೋಡಿಸುತ್ತಿದ್ದಳು. ಎಲೆಕ್ಷನ್ ಮುಗಿದ ವಾರದೊಳಗೆ ತೆಗೆಯದಿದ್ದರೆ ದಂಡವಂತೆ. ನಮ್ಮವರು ಕೂರಲಿಲ್ಲ. ನಿಂತುಕೊಂಡೇ, ಹೆಡ್ಮಾಸ್ತರ ಮುಂದೆ ನಿಂತ ಹುಡುಗನ ಹಾಗೆ ಹೇಳಿದರು.

"ಮಲಿಕಾ, ನಿನ್ನ ಸೀಟು ಕಳೆದೋನು ನಾನಮ್ಮ. ಅವತ್ತು ಮನೇಲಿ ಎಲ್ರಿಗೂ ನಿಂಗೆ ಹಾಕ್ಬೇಡಿ, ವೇಸ್ಟ್ ಅಂತ ನಾನೇ ಹೇಳ್ದೆ. ಎಲ್ಲಾ ಬಲ್ಲೆ ಅನ್ನೋ ಕೊಬ್ಬು. ಇಲ್ಲೀ ಲೆಕ್ಕ ಹಿಂಗೆ ಅಂತ ನಮ್ಮಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ, ನೋಡು."

ಮಲಿಕಾ ಅವರ ಮುಖ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಅವಳಿಗೆ ಎಲ್ಲವೂ ತಿಳಿಯಿತು. ಅದು ಅವಳ ಕಣ್ಣಿನಲ್ಲೇ ಕಂಡಿತು. ಬಾಯಿ ತೆರೆದಿದ್ದರೆ ನಾನು ಅಲ್ಲೇ ಮುಗಿದುಹೋಗುತ್ತಿದ್ದೆ.

"ಹೌದಣ್ಣ" ಅಂದಳು. "ಇದು ಯಾರಿಗೂ ಗೊತ್ತಿರಲ್ಲ ಬಿಡಿ. ನಾನೇ ಯಾರಿಗಾದ್ರೂ ಸರಿಯಾಗಿ ಹೇಳಿಕೊಡ್ಬೇಕಿತ್ತು. ಕೂತ್ಕೊಳ್ಳಿ, ಟೀ ಮಾಡ್ತೀನಿ."

ನನ್ನ ಗಂಡನ ಮುಂದೆ ನನ್ನ ಮಾನ ಉಳಿಸಲು ಅವಳು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ನಾನು ಅಲ್ಲಾದರೂ ಬಾಯಿ ಬಿಡಬೇಕಿತ್ತು. ಟೀ ಕುಡಿದೆ. ಲೋಟ ತೊಳೆದಿಟ್ಟೆ. ಹೊರಡುವಾಗ ಬಾಗಿಲಲ್ಲಿ ಅವಳು ಎಂದಿನ ಹಾಗೆ "ಬರ್ತೀರಾ ಅಕ್ಕ" ಅನ್ನಲಿಲ್ಲ. ತಲೆ ಅಲ್ಲಾಡಿಸಿದಳು, ಅಷ್ಟೆ.

ಎರಡು ಬೀದಿಯ ದಾರಿ. ನಡೆದೇ ಬಂದಿದ್ದೆವು. ಸ್ವಲ್ಪ ದೂರ ಬಂದ ಮೇಲೆ ಇವರು ಅಂದರು, "ದೊಡ್ಡ ಮನಸ್ಸು ಆ ಹುಡುಗೀದು. ಅವತ್ತು ಅದಿತಿ ಏನೋ ಅಂದ್ಲು, ಮಕ್ಕಳ ಮಾತು ಅಂತ ಬಿಟ್ಟೆ. ನಮ್ಮನೇಲಿ ತಿಳಿದ ದೊಡ್ಡೋರು ಒಬ್ಬರಿದ್ದು, ಇಲ್ಲಾ ಕಣೋ ಸತ್ಯ, ಇದು ಹಂಗಲ್ಲ ಅಂದಿದ್ರೆ ಸಾಕಿತ್ತು. ನಾನು ಕೇಳ್ತಿದ್ದೆ ಕಣೇ. ಅಷ್ಟು ಮೂರ್ಖನಲ್ಲ ನಾನು."

ಹದಿನೇಳು ವರ್ಷ ಇವರ ಜೊತೆ ಬಾಳಿದ್ದೇನೆ. ಕೇಳುತ್ತಿದ್ದರು ಅಂತ ನನಗೂ ಗೊತ್ತಿತ್ತು.

"ನಂಗೆ ಗೊತ್ತಿತ್ತು ರೀ" ಅಂದೆ. "ಮಲಿಕಾನೇ ಹೇಳಿಕೊಟ್ಟಿದ್ದಳು. ಎಲ್ರಿಗೂ ಹೇಳಿ ಅಂತ ನಂಗೆ ಒಪ್ಪಿಸಿದ್ದಳು. ಅದಿತೀಗೂ ಗೊತ್ತಿತ್ತು. ಅದಕ್ಕೇ ಅವತ್ತು ಅವಳ ಬಾಯಿ ಮುಚ್ಚಿಸ್ದೆ."

ನಿಂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದರು.

"ಅಷ್ಟು ಜನದ ಮುಂದೆ ನನ್ನ ಮರ್ಯಾದೆ ಉಳಿಸೋಕಾ?"

"ಹೂಂ" ಅಂದೆ. ಇನ್ನರ್ಧ ಕಾರಣ ಹೇಳುವ ಧೈರ್ಯ ಬರಲಿಲ್ಲ.

"ಉಳೀತಾ, ವನಜಾ?"

ಇಲ್ಲ ಅಂದೆ. ಇವರು ಮುಂದೆ ನಡೆದರು. ನಾನು ಹಿಂದಿನಿಂದ ಬಂದೆ.